ಏಳನೆಯ ಕಾರಿನ ಬಾಗಿಲ ಒಳಬದಿ

2024ರ ಅಕ್ಟೋಬರ್ 14, ಸೋಮವಾರ, ಬೆಳಿಗ್ಗೆ 7.40. ಏಳನೆಯ ಕಾರು ರಿಕವರಿ ಲಾರಿಯ ಬೆನ್ನ ಮೇಲೆ ಕುಳಿತು ದುಬೈಯ ನಮ್ಮ ವರ್ಕ್‌ಶಾಪಿಗೆ ಬಂತು. ನಾಲ್ಕು ಚಕ್ರಗಳಲ್ಲಿ ಗಾಳಿ ಇದ್ದದ್ದು ಎರಡರಲ್ಲಿ. ಬಣ್ಣ ಹಸಿರು, ಅದೂ ಛಾವಣಿಯ ಮೇಲೆ ಅಂಗೈಯಷ್ಟು ಜಾಗದಲ್ಲಿ ಮಾತ್ರ. ಎದುರಿನ ಗಾಜು ನಡುವೆ ಕಡ್ಡಿಯಿಟ್ಟು ಎರಡು ಹೋಳಾಗಿ ಕೂರಿಸಿದ್ದು. ಎರಡೇ ಬಾಗಿಲು, ಸ್ಟೀರಿಂಗ್ ಬಲಗಡೆ. ಇಷ್ಟನ್ನು ಅಂದಿನ ಡೈರಿಯಲ್ಲಿ ಬರೆದಿದ್ದೇನೆ.

ಅಬುಧಾಬಿಯ ಹಿರಿಯರೊಬ್ಬರು ಬ್ರಿಟನ್ನಿನ ಒಂದೇ ಕಂಪನಿಯ ಹನ್ನೊಂದು ಹಳೆಯ ಕಾರುಗಳನ್ನು ಕೂಡಿಸಿ, ಅಲ್ ರೀಮ್ ಐಲ್ಯಾಂಡಿನಲ್ಲಿರುವ ತಮ್ಮ ಕಟ್ಟಡದ ಕೆಳಮಹಡಿಯಲ್ಲಿ ಪ್ರದರ್ಶನಕ್ಕಿಡಲು ಹೊರಟಿದ್ದರು. ಕಾರುಗಳನ್ನು ಬಿಚ್ಚಿ ಜೋಡಿಸುವ ಕೆಲಸ ನಮ್ಮ ವರ್ಕ್‌ಶಾಪಿನದು. ಪ್ರತಿ ಕಾರಿಗೂ ಒಂದು ಫೈಲು ಮಾಡುವುದು, ಪಕ್ಕದಲ್ಲಿ ನಿಲ್ಲಿಸುವ ಕಾರ್ಡು ಬರೆಯುವುದು ನನ್ನದು. ಹನ್ನೊಂದು ಕಾರು ಸಾಲಾಗಿ ನೋಡಿ ಮುಗಿಸಿದರೆ ಆ ಕಂಪನಿಯ ಪೂರ್ತಿ ಆಯಸ್ಸು ಗೊತ್ತಾಗಬೇಕು ಎಂಬುದು ಹಿರಿಯರ ಆಸೆ.

ಆ ಆಯಸ್ಸನ್ನು ನಾನು ಒಂದು ಪುಟಕ್ಕೆ ಇಳಿಸಿದ್ದೆ. ಸೈಕಲ್ ರಿಪೇರಿ ಮಾಡುತ್ತಿದ್ದವನೊಬ್ಬ ಶುರುಮಾಡಿದ ಕಂಪನಿ. ಆರಂಭದಲ್ಲಿ ಅವನು ಇಂಜಿನ್, ಗೇರ್‌ಬಾಕ್ಸ್, ಚಕ್ರ ಎಲ್ಲವನ್ನೂ ಬೇರೆಯವರಿಂದ ಕೊಂಡು ತಂದು ಜೋಡಿಸುತ್ತಿದ್ದ. ಕಾರು ಅಗ್ಗವಾಗಿತ್ತು, ಶಾಲೆ ಮಾಸ್ತರು, ಅಂಚೆಯವರು, ಊರೂರು ತಿರುಗುವ ನರ್ಸುಗಳು ಕೊಂಡರು. ವ್ಯಾಪಾರ ಬೆಳೆದ ಮೇಲೆ, ಇಂಜಿನ್ ಮಾಡಿಕೊಡುತ್ತಿದ್ದ ಕಾರ್ಖಾನೆಯನ್ನೇ ಕೊಂಡುಬಿಟ್ಟ. ಎರಡನೆಯ ಮಹಾಯುದ್ಧದ ನಂತರ ಹೊರದೇಶಗಳಿಗೆ ಹಡಗು ತುಂಬಿ ಕಾರು ಹೋದವು. ಆಮೇಲೆ ಹಳೆಯ ಎದುರಾಳಿಯ ಜೊತೆ ವಿಲೀನ, ಇನ್ನೂ ದೊಡ್ಡದೊಂದು ಗುಂಪಿನೊಳಗೆ ವಿಲೀನ, ಸರಕಾರದ ಕೈಗೆ, ಕೊನೆಗೆ ಆ ಹೆಸರಿನ ಕಾರೇ ನಿಂತುಹೋಯಿತು. ನಮ್ಮ ಕಡೆ ರಸ್ತೆ ತುಂಬ ಓಡಿದ ಅಂಬಾಸಿಡರ್ ಇದೇ ಕಂಪನಿಯ ಒಂದು ದೊಡ್ಡ ಕಾರಿನಿಂದ ಹುಟ್ಟಿದ್ದು.

ನಮ್ಮ ಹಿರಿಯ ಮೆಕ್ಯಾನಿಕ್ ಕೈ ಪಳಗಿಸಿಕೊಂಡದ್ದು ಮಂಗಳೂರಿನ ಅಂಬಾಸಿಡರ್ ಟ್ಯಾಕ್ಸಿಗಳ ಅಡಿಯಲ್ಲಿ ಮಲಗಿ. ಉಳ್ಳಾಲದ ಕಡೆಯ ಬ್ಯಾರಿಗಳು, ವಯಸ್ಸು ಅರವತ್ತೆರಡು. ಎಲ್ಲರೂ ಅವರನ್ನು ಕಾಕ ಎನ್ನುತ್ತೇವೆ. ಅವರು ನನ್ನನ್ನು ರೈಟರೇ ಎನ್ನುತ್ತಾರೆ. ನಾನು ಸದಾ ಪುಸ್ತಕ ಹಿಡಿದು ಬರೆಯುತ್ತಿರುವುದರಿಂದ ಬಂದ ಹೆಸರು, ಗೌರವದಿಂದ ಬಂದದ್ದಲ್ಲ.

ಅಕ್ಟೋಬರ್ 15ರಂದು ಇಂಜಿನ್ ಬಿಚ್ಚಲು ಕೂತಾಗ ಕಾಕ ಒಂದು ಬೋಲ್ಟನ್ನು ನನ್ನ ಅಂಗೈಗೆ ಹಾಕಿದರು.

“ಇದರ ತಲೆಗೆ ಯಾವ ಪಾನಾ ಕೂರ್ತದೆ ಹೇಳಿ ನೋಡುವ.”

ಅಳೆದೆ. ಇಂಗ್ಲಿಷ್ ಅಂಗುಲದ ಪಾನಾ.

“ಈಗ ಎಳೆ ಅಳೆಯಿರಿ.”

ಎಳೆ, ಅಂದರೆ ಬೋಲ್ಟಿನ ಮೈಮೇಲಿನ ಸುತ್ತುಗೀರು, ಮಿಲಿಮೀಟರಿನದು. ಎರಡು ಸಲ ಅಳೆದರೂ ಅದೇ ಬಂತು.

“ತಲೆ ಇಂಗ್ಲಿಷ್, ಮೈ ಫ್ರೆಂಚ್,” ಎಂದು ಕಾಕ ನಕ್ಕರು. “ಗೊತ್ತಿಲ್ಲದವ ಅಂಗುಲದ ನಟ್ಟು ಹಾಕಿ ತಿರುಗಿಸ್ತಾನೆ, ಅರ್ಧಕ್ಕೆ ಕಚ್ಚಿ ಕೂರ್ತದೆ. ಮತ್ತೆ ಇಡೀ ದಿನ ಕೂಗುದು.”

ಕಾರಣ ನನ್ನ ಟಿಪ್ಪಣಿಯಲ್ಲೇ ಇತ್ತು. ಕಂಪನಿ ಕೊಂಡುಕೊಂಡ ಆ ಇಂಜಿನ್ ಕಾರ್ಖಾನೆ ಮೊದಲು ಫ್ರೆಂಚರದಾಗಿತ್ತು. ಯಂತ್ರಗಳು ಕೊರೆಯುತ್ತಿದ್ದದ್ದು ಮಿಲಿಮೀಟರಿನ ಎಳೆ, ಇಂಗ್ಲಿಷ್ ಗ್ಯಾರೇಜುಗಳಲ್ಲಿ ಇದ್ದದ್ದು ಅಂಗುಲದ ಪಾನಾ. ಎರಡನ್ನೂ ಬಿಡದೆ ದಶಕಗಳ ಕಾಲ ಹಾಗೆಯೇ ನಡೆಸಿದರು. ನಾನು ಕಾಗದದಿಂದ ತಿಳಿದದ್ದನ್ನು ಕಾಕ ಬೆರಳಿನಿಂದ ತಿಳಿದಿದ್ದರು. ಅಂದು ಅಷ್ಟು ಗಮನಿಸಿದ ನಾನು ಕಾಗದದಲ್ಲಿ ಇಲ್ಲದ್ದೂ ಅವರ ಬೆರಳಿಗೆ ಗೊತ್ತಿರಬಹುದೆಂದು ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಬೇಕಾಗಿತ್ತು. ಯೋಚಿಸಲಿಲ್ಲ.

ಏಳನೆಯ ಕಾರು ಉಳಿದ ಹತ್ತರಂತಲ್ಲ. ಅಬುಧಾಬಿಯಲ್ಲಿ ತಮ್ಮ ತಂದೆ ಓಡಿಸುತ್ತಿದ್ದ ಕಾರೇ ಅದು ಎಂದು ಹಿರಿಯರು ನಂಬಿದ್ದರು. ಅವರ ಬಳಿ ಇದ್ದದ್ದು ಒಂದು ಕಪ್ಪುಬಿಳುಪು ಫೋಟೋ: ಇಂಥದೇ ಕಾರಿನ ಮುಂದೆ ತಂದೆ ನಿಂತಿದ್ದಾರೆ, ನಿಂತ ಕಾಲುಗಳ ಹಿಂದೆ ನಂಬರ್ ಪ್ಲೇಟು ಅಡಗಿದೆ. ಇನ್ನೊಂದು, ಮನೆಯಲ್ಲಿ ಹೇಳುತ್ತ ಬಂದ ಮಾತು: ಆಗ ರಸ್ತೆಗಳಿರಲಿಲ್ಲ, ಮರಳಿನಲ್ಲಿ ದಿಕ್ಕು ನೋಡಲು ತಂದೆ ಡ್ಯಾಶ್‌ಬೋರ್ಡಿಗೆ ದಿಕ್ಸೂಚಿ ಸ್ಕ್ರೂ ಹಾಕಿ ಕೂರಿಸಿದ್ದರು. ಈ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎರಡು ಸ್ಕ್ರೂ ತೂತು ಇದ್ದವು. ಶಾರ್ಜಾದ ಗುಜರಿ ಅಂಗಡಿಯಲ್ಲಿ ಆ ತೂತುಗಳನ್ನು ನೋಡಿಯೇ ಅವರು ಕೊಂಡದ್ದು.

“ಎರಡು ತೂತು ಅಂದ್ರೆ ಸಣ್ಣ ಫ್ಯಾನಿಗೂ ಆಗ್ತದೆ,” ಎಂದರು ಕಾಕ. “ಆದ್ರೆ ಅರ್ಬಾಬರಿಗೆ ಹೇಳ್ಲಿಕ್ಕೆ ಹೋಗ್ಬೇಡಿ.” ಅರ್ಬಾಬ್ ಎಂದರೆ ಇಲ್ಲಿ ಧಣಿ.

ಹಿರಿಯರು ನನಗೆ ಹೇಳಿದ್ದು ಚುಟುಕಾಗಿತ್ತು. ಕಾರ್ಡಿನಲ್ಲಿ ‘ನನ್ನ ತಂದೆಯ ಕಾರು’ ಎಂದು ಬರೆಯಬೇಕು. ಆದರೆ ಅದು ನಿಜವಾಗಿದ್ದರೆ ಮಾತ್ರ ಬರೆಯಬೇಕು. ಅವರಿಗೆ ಅರವತ್ತೆಂಟು. ತಂದೆ ಆ ಕಾರು ಮಾರಿದಾಗ ಅವರಿಗೆ ಎಂಟು.

ಅಕ್ಟೋಬರ್ 17, ಗುರುವಾರ. ಕಾಕ ತಂಗಿಯ ಮಗಳ ಮದುವೆಗೆಂದು ಮರುದಿನ ಊರಿಗೆ ಹೊರಟಿದ್ದರು. ಸಂಜೆ ಕೈ ತೊಳೆಯುತ್ತ ಹೇಳಿದರು:

“ಡೋರಿನ ಪ್ಯಾಡ್ ತೆಗೆಯುವುದನ್ನು ನಾನು ಬರುವವರೆಗೆ ಇಡಿ ಆಯ್ತಾ? ಅದರ ಒಂದು ಕಥೆ ಉಂಟು.”

“ಕಾಕ, ಡೋರು ಇಪ್ಪತ್ತೊಂದಕ್ಕೆ ಅಂತ ಶೆಡ್ಯೂಲಲ್ಲಿ ಉಂಟು. ನೀವು ಬರುದು ಮೂವತ್ತಕ್ಕೆ. ಕಥೆ ಬಂದ ಮೇಲೆ ಹೇಳಿ.”

“ನಿಮ್ಮ ಶೆಡ್ಯೂಲಿಗೆ ನಮಸ್ಕಾರ,” ಎಂದು ಅವರು ಟವೆಲಿಗೆ ಕೈ ಒರೆಸಿಕೊಂಡು ಹೋದರು.

ನನ್ನ ಚೆಕ್‌ಲಿಸ್ಟಿನಲ್ಲಿ ಪ್ರತಿ ಭಾಗಕ್ಕೂ ಐದು ಹಂತಗಳಿದ್ದವು: ಬಿಚ್ಚು, ಒರೆಸು, ನಂಬರ್ ಚೀಟಿ ಅಂಟಿಸು, ಫೋಟೋ ತೆಗೆ, ಪಟ್ಟಿಯಲ್ಲಿ ಬರೆ. ಮೊದಲು ಹೀಗಿರಲಿಲ್ಲ. ಬಿಚ್ಚಿದ ಕೂಡಲೇ ಫೋಟೋ ತೆಗೆಯುತ್ತಿದ್ದೆ. ಮೂರನೆಯ ಕಾರಿನ ಚಾಸಿಸ್ ಪ್ಲೇಟಿನ ಫೋಟೋದಲ್ಲಿ ಎಣ್ಣೆ ಜಿಡ್ಡಿನಿಂದ ಒಂದು ಅಂಕಿ ಓದಲಾಗದೆ, ಮ್ಯಾನೇಜರ್ ಅದನ್ನು ವಾಪಸ್ ಕಳಿಸಿದ್ದರು. ಅಂದಿನಿಂದ ಒರೆಸುವ ಹಂತವನ್ನು ಮೇಲಕ್ಕೆ ತಂದೆ. ಮುಂದಿನ ಮೂರು ಕಾರುಗಳ ಫೋಟೋ ಒಂದೂ ವಾಪಸ್ ಬರಲಿಲ್ಲ. ಹೆಮ್ಮೆಯಿತ್ತು.

ಅಕ್ಟೋಬರ್ 21, ಸೋಮವಾರ, 10.15. ಚಾಲಕನ ಬದಿಯ ಬಾಗಿಲ ಪ್ಯಾಡ್, ಅಂದರೆ ಒಳತಗಡನ್ನು ಮುಚ್ಚುವ ಹಲಗೆ, ತೆಗೆದೆ. ಒಳಗಿನ ತಗಡಿನ ಮೇಲೆ ಧೂಳು, ಜಿಡ್ಡು, ನಡುವೆ ಬೂದುಬಣ್ಣದ ಒಂದಿಷ್ಟು ಗೀರುಗಳು. ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಮೇಲಿಂದ ಕೆಳಕ್ಕೆ ಒರೆಸಿದೆ. ಹಿಡಿಕೆಯ ಬಳಿ ಜಿಡ್ಡು ಗಟ್ಟಿಯಾಗಿತ್ತು, ಅಲ್ಲಿ ಹೆಚ್ಚು ತಿಕ್ಕಿದೆ. ಹನ್ನೊಂದು ನಿಮಿಷ ಹಿಡಿಯಿತು. ಫೋಟೋ ಚೆನ್ನಾಗಿ ಬಂತು. ಎದುರು ಬದಿಯ ಬಾಗಿಲ ಒಳತಗಡು ಯಾವಾಗಲೋ ತುಕ್ಕಿಗೆ ಹೋಗಿ, ಯಾರೋ ಹೊಸ ತಗಡು ಬೆಸೆದಿದ್ದರು. ಅದನ್ನೂ ಒರೆಸಿದೆ. ದಿನದ ಲೆಕ್ಕ: ಒರೆಸಿದ ಭಾಗ 23, ಫೋಟೋ 23.

ಅಕ್ಟೋಬರ್ 29ರಂದು ಇಂಗ್ಲೆಂಡಿನಿಂದ ಉತ್ತರ ಬಂತು. ಕಂಪನಿಯ ಹಳೆಯ ಕಾರ್ಖಾನೆ ಪುಸ್ತಕಗಳನ್ನು ಕಾಪಾಡುವ ಕಚೇರಿಯೊಂದಕ್ಕೆ ಚಾಸಿಸ್ ನಂಬರ್ ಕಳಿಸಿದ್ದೆ. ಪುಸ್ತಕದಲ್ಲಿ ಈ ಕಾರಿನ ಸಾಲು ಇತ್ತು: ಎರಡು ಬಾಗಿಲು, ಹಸಿರು, ಬಲಗಡೆ ಸ್ಟೀರಿಂಗ್, ರವಾನೆ ಬಹ್ರೇನಿಗೆ. ಬಹ್ರೇನಿನಿಂದ ಅಬುಧಾಬಿ ಎಷ್ಟು ದೂರ? ಉರು ಎಂಬ ಮರದ ಹಡಗಿಗೆ ಹತ್ತಿಸಿದರೆ ಬಂದುಬಿಡುತ್ತದೆ. ಆದರೆ ಬಂದಿತ್ತೇ? ಕಾರ್ಖಾನೆಯಿಂದ ಬಹ್ರೇನಿನವರೆಗೆ ಕಾಗದ ಇದೆ. ಶಾರ್ಜಾದ ಗುಜರಿಯಿಂದ ನಮ್ಮವರೆಗೆ ಕಾಗದ ಇದೆ. ನಡುವಿನದು ಖಾಲಿ. ಆ ಖಾಲಿಯೊಳಗೆ ಅಬುಧಾಬಿ ಇತ್ತೆಂದು ತೋರಿಸುವ ಒಂದೇ ಒಂದು ಗುರುತು ನನಗೆ ಬೇಕಾಗಿತ್ತು.

ಅಕ್ಟೋಬರ್ 31, ಗುರುವಾರ, ಚಹಾ ಹೊತ್ತು. ಕಾಕ ಊರಿನಿಂದ ತಂದ ಹಲ್ವದ ಡಬ್ಬಿ ಬಿಚ್ಚಿದ್ದರು.

“ಹೌದು ರೈಟರೇ, ಡೋರಿನ ಒಳಗೆ ಎಂತ ಬರ್ದಿತ್ತು?”

“ಎಂತ ಬರ್ದದ್ದು?”

“ಪ್ಯಾಡಿನ ಹಿಂದೆ, ಮಾರಾಯ್ರೆ. ಮಾರ್ಕಿಂಗ್ ಪೆನ್ಸಿಲಿನಲ್ಲಿ.”

ಆಗ ಅವರು ಆ ಕಥೆ ಹೇಳಿದರು. ಅವರು ಎಂಬತ್ತರ ದಶಕದಲ್ಲಿ ಅಬುಧಾಬಿಗೆ ಬಂದಾಗ ಅವರ ಉಸ್ತಾದ್ ಕಲಿಸಿದ್ದು. ಉಸ್ತಾದ್ ತನಗಿಂತ ಹಿಂದಿನವರಿಂದ ಕಲಿತದ್ದು. ಗಿರಾಕಿಗೆ ಚೀಟಿ ಕೊಟ್ಟರೆ ಅದು ಮರಳಿನಲ್ಲಿ ಹಾರಿಹೋಗುತ್ತಿತ್ತು. ಹಾಗಾಗಿ ದೊಡ್ಡ ಕೆಲಸ ಮಾಡಿದ ಮೆಕ್ಯಾನಿಕ್ ಚಾಲಕನ ಬಾಗಿಲ ಪ್ಯಾಡ್ ತೆಗೆದು ಒಳಗೆ ಬರೆಯುತ್ತಿದ್ದ: ತಾರೀಕು, ಮಾಡಿದ ಕೆಲಸ, ತನ್ನ ಹೆಸರಿನ ಮೊದಲಕ್ಷರ, ಕೊನೆಗೆ ಊರು. ಮುಂದೆ ಯಾವ ಊರಿನಲ್ಲಿ ಯಾರು ಬಿಚ್ಚಿದರೂ ಓದಿಕೊಳ್ಳಲಿ ಎಂದು.

ನಾನು ಫೋನಿನಲ್ಲಿ ಬಾಗಿಲಿನ ಫೋಟೋ ತೋರಿಸಿದೆ. ತಗಡು ಹೊಳೆಯುತ್ತಿತ್ತು.

ಕಾಕ ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು, ವಾಪಸ್ ಕೊಟ್ಟರು. “ಒಳ್ಳೆ ಚೆಂದ ಮಾಡಿದ್ದೀರಿ,” ಎಂದರು. ಹಲ್ವದ ಡಬ್ಬಿ ನನ್ನ ಕಡೆ ದೂಡಲಿಲ್ಲ.

ನಮ್ಮ ಮ್ಯಾನೇಜರ್ ಮಂಗಳೂರಿನವರೇ, ನಾನು ಮ್ಯಾಡಂ ಎನ್ನುತ್ತೇನೆ. ಅಂದೇ 12.05ಕ್ಕೆ ಅವರ ಕೋಣೆಗೆ ಹೋಗಿ ಹೇಳಿದೆ. ಅವರು ಬಾಗಿಲು ಹಾಕಲು ಹೇಳಿದರು.

“ಯಾರಿಗಾದ್ರೂ ಹೇಳಿದ್ದೀಯಾ?”

“ಕಾಕನಿಗೆ ಗೊತ್ತುಂಟು.”

“ಕಾಕ ಇರ್ಲಿ. ಅಲ್ಲಿ ಬರ್ದಿತ್ತು ಅಂತ ಪ್ರೂಫ್ ಏನು? ನೀನು ನೋಡಿದ್ದು ಗೀರು. ಏನು ಹೋಯ್ತು ಅಂತ್ಲೇ ಗೊತ್ತಿಲ್ಲದೆ, ಹೋಯ್ತು ಅಂತ ಹೇಗೆ ಹೇಳ್ತೀ? ಕಾರ್ಡಿನಲ್ಲಿ ‘ತಂದೆಯ ಕಾರು ಎಂದು ಕುಟುಂಬದ ನಂಬಿಕೆ’ ಅಂತ ಬರಿ. ಸುಳ್ಳೂ ಅಲ್ಲ, ಅವರಿಗೂ ಖುಷಿ. ಖಲಾಸ್.”

ಆ ವಾಕ್ಯ ಸುಳ್ಳಲ್ಲ. ದುಬೈಯ ಡಿಸ್ಕವರಿ ಗಾರ್ಡನ್ಸಿನ ನನ್ನ ಕೋಣೆಯಲ್ಲಿ ಕೂತು ಅದನ್ನು ನಾಲ್ಕು ರೀತಿ ಬರೆದು ನೋಡಿದೆ. ಪ್ರತಿ ಸಲ ಬರೆದ ಮೇಲೂ ಡೈರಿಯ 21ನೇ ತಾರೀಕಿನ ಸಾಲು ಅಲ್ಲೇ ಇತ್ತು: ಒರೆಸಿದ ಭಾಗ 23. ಫೈಲಿನೊಳಗೆ ಹೋಗಬೇಕಾದ ಪುಟ ಅದು. ಆ ಸಾಲನ್ನು ಬಿಟ್ಟು ನಕಲು ಮಾಡಬೇಕು, ಇಲ್ಲವೇ ಹಿರಿಯರಿಗೆ ಹೇಳಬೇಕು. ಒಂದು ಸಾಲು ಬಿಟ್ಟ ಫೈಲನ್ನು ಮುಂದೆ ನಾನೇ ನಂಬಲಾರೆ. ನವೆಂಬರ್ 1ರ ಬೆಳಿಗ್ಗೆ ಮ್ಯಾಡಂಗೆ ಹೇಳಿದೆ, ನಾನು ಅಬುಧಾಬಿಗೆ ಹೋಗುತ್ತೇನೆ ಎಂದು.

“ನಿನ್ನ ಹೆಸರಲ್ಲಿ ಹೇಳು. ವರ್ಕ್‌ಶಾಪ್ ಅಂತ ಹೇಳ್ಬೇಡ,” ಎಂದರು. ಆಮೇಲೆ, “ಬಸ್ಸಲ್ಲಿ ಹೋಗ್ಬೇಡ, ನಾನೂ ಬರ್ತೇನೆ,” ಎಂದರು.

ನವೆಂಬರ್ 4, ಸೋಮವಾರ, 11.30. ಹಮ್ದಾನ್ ಸ್ಟ್ರೀಟಿನ ಮೂರನೆಯ ಮಹಡಿಯಲ್ಲಿ ಹಿರಿಯರ ಆಫೀಸು. ಅವರು ನಮ್ಮೊಡನೆ ಯಾವಾಗಲೂ ಹಿಂದಿಯಲ್ಲೇ ಮಾತಾಡುತ್ತಾರೆ. ಖಹ್ವಾ, ಅರಬರ ಕಾಫಿ, ಬಂತು. ನಾನು ಮೊದಲು ಬಹ್ರೇನಿನ ಸಾಲನ್ನು ಓದಿದೆ, ಆಮೇಲೆ ಬಾಗಿಲಿನ ವಿಷಯ. ಒರೆಸಿದವನು ನಾನೇ, ಬೇಡವೆಂದು ಹೇಳಿದವರಿದ್ದರೂ ಕಾಯಲಿಲ್ಲ ಎಂದೂ ಹೇಳಿದೆ.

“ಯಾವ ಬಾಗಿಲು?”

“ಡ್ರೈವರಿನದು.”

“ಇನ್ನೊಂದು?”

“ಅದರ ತಗಡು ಹಿಂದೆಯೇ ಬದಲಾಗಿದೆ.”

ಅವರು ಫೋಟೋ ನೋಡಿದರು. “ಎಷ್ಟು ಶುಚಿ,” ಎಂದರು. “ನಮ್ಮ ಮನೆಯಲ್ಲಿ ಕೆಲಸಕ್ಕೆ ಬರುತ್ತೀಯಾ?” ಮ್ಯಾಡಂ ತಲೆ ತಗ್ಗಿಸಿದರು. ಹಿರಿಯರು ನಗಲಿಲ್ಲ. ಲೋಟ ಕೆಳಗಿಟ್ಟು, “ನನಗೆ ಆ ಕಾರಿನ ಬಣ್ಣ ನೆನಪಿಲ್ಲ. ಬಾಗಿಲು ಮುಚ್ಚುವ ಸದ್ದು ಮಾತ್ರ ನೆನಪಿದೆ,” ಎಂದರು. “ಕಾರ್ಡು ಬರೆಯಬೇಡ. ಬಣ್ಣ ಹೊಡೆಯಬೇಡಿ. ಎರಡು ವಾರ ಹುಡುಕಿ ನೋಡಿ. ಯಲ್ಲಾ, ಹೊರಡಿ.”

ವಾಪಸ್ ಬರುವಾಗ ಮ್ಯಾಡಂ ಹೇಳಿದರು: “ಹೇಳಿದ್ದು ಒಳ್ಳೆದಾಯ್ತು. ಆದ್ರೆ ಇನ್ನೊಮ್ಮೆ ನನ್ನನ್ನು ಅವರೆದುರು ಹೀಗೆ ಕೂರಿಸ್ಬೇಡ.”

ನವೆಂಬರ್ 6. ಬಾಗಿಲನ್ನು ಕಳಚಿ ಕಂಬಳಿಯ ಮೇಲೆ ಮಲಗಿಸಿದೆವು. ಕಾಕನ ಲೆಕ್ಕಾಚಾರ ಹೀಗಿತ್ತು: ಆ ಪೆನ್ಸಿಲು ಮೇಣದ್ದು. ಬರೆದ ಜಾಗದಲ್ಲಿ ಮೇಣ ಅಷ್ಟು ವರ್ಷ ತಗಡನ್ನು ಗಾಳಿಯಿಂದ ಕಾದಿದೆ. ಸುತ್ತಲಿನ ಜಾಗ ಒಂದಿಷ್ಟು ಮಾಸಿದೆ. ಮೇಣ ಹೋದರೂ ಆ ವ್ಯತ್ಯಾಸ ಉಳಿದಿರಬಹುದು. ಮಧ್ಯಾಹ್ನದ ಹೊತ್ತೇ ಶಟರ್ ಇಳಿಸಿ, ದೀಪ ಆರಿಸಿ, ಟಾರ್ಚನ್ನು ತಗಡಿಗೆ ತಾಗುವಷ್ಟು ಅಡ್ಡವಾಗಿ ಹಿಡಿದೆವು. ಒಂದು ಸುತ್ತನ್ನು ಮೂವತ್ತಾರು ಭಾಗ ಮಾಡಿ, ಪ್ರತಿ ಕೋನದಿಂದ ಒಂದು ಫೋಟೋ. ಮೊದಲ ದಿನ 36 ಫೋಟೋ, ಏನೂ ಇಲ್ಲ. 7ರಂದು ಟಾರ್ಚ್ ಬದಲಿಸಿ ಮತ್ತೆ 36, ನನ್ನ ಬಟ್ಟೆಯ ಗೀರುಗಳು ಮಾತ್ರ ಕಂಡವು, ಮೇಲಿಂದ ಕೆಳಕ್ಕೆ, ಬಹಳ ಅಚ್ಚುಕಟ್ಟಾಗಿ. 8ರಂದು ಕಾಕ ಟಾರ್ಚಿನ ಬಾಯಿಗೆ ರಟ್ಟು ಅಂಟಿಸಿ ಸಣ್ಣ ಸೀಳು ಬಿಟ್ಟರು, ಬೆಳಕು ಗೆರೆಯಂತೆ ಬೀಳಲಿ ಎಂದು.

ಹತ್ತೊಂಬತ್ತನೆಯ ಫೋಟೋಗೆ ಕೈ ಚಾಚಿದಾಗ, “ಅಲ್ಲಾಡ್ಬೇಡಿ!” ಎಂದರು ಕಾಕ.

ಒಂದು ಸಂಖ್ಯೆ ಕಂಡಿತು: 27. ಅದರ ಪಕ್ಕ ಒಂದು ಓರೆ ಗೀಟು. ತಿಂಗಳೂ ವರ್ಷವೂ ಇಲ್ಲ. ಅದರ ಕೆಳಗೆ ಒಂದು ಅಕ್ಷರ. ಮೊದಲು ನಾನು ಅದನ್ನು ಅರಬಿ ಎಂದುಕೊಂಡೆ. ಟಾರ್ಚನ್ನು ಕೂದಲೆಳೆಯಷ್ಟು ತಿರುಗಿಸಿದಾಗ ಇಬ್ಬರೂ ಒಟ್ಟಿಗೆ ಓದಿದೆವು.

ಬಾ.

ಕನ್ನಡದ ಬಾ.

ಕಾಕ ಅಕ್ಷರದ ಪಕ್ಕ ಬೆರಳಿಟ್ಟರು. “ನಮ್ಮೋನು,” ಎಂದರು. “ಬಾವ ಇರ್ಬಹುದು, ಬಾಬು ಇರ್ಬಹುದು, ಬಾಲಣ್ಣ ಇರ್ಬಹುದು. ನಮ್ಮ ಕಡೆಯವನೇ.”

“ಊರು, ಕಾಕ? ಊರು ಎಲ್ಲಿ ಬರೀತಿದ್ರು?”

ಅವರು ಬೆರಳಿನಿಂದ ತೋರಿಸಿದರು. ಹಿಡಿಕೆಯ ಬಳಿ. ನಾನು ಹೆಚ್ಚು ತಿಕ್ಕಿದ್ದ ಜಾಗ. ಅಲ್ಲಿ ಇನ್ನೂ ಮೂರು ದಿನ ಹುಡುಕಿದೆವು. ಒಟ್ಟು 212 ಫೋಟೋ. ಒಂದು ಚುಕ್ಕೆಯೂ ಸಿಗಲಿಲ್ಲ.

ನವೆಂಬರ್ 18ರಂದು ಹಿರಿಯರೇ ವರ್ಕ್‌ಶಾಪಿಗೆ ಬಂದರು. ಕಂದೂರಾ ಎಂಬ ಉದ್ದ ನಿಲುವಂಗಿಯನ್ನು ಮಡಚಿಕೊಂಡು ಕಂಬಳಿಯ ಪಕ್ಕ ಮೊಣಕಾಲೂರಿದರು. ಕಾಕ ಟಾರ್ಚ್ ಹಿಡಿದರು.

“ಇದು ಯಾವ ಭಾಷೆ?”

“ನಮ್ಮಿಬ್ಬರದು,” ಎಂದರು ಕಾಕ.

ನಾನು ಮಾಡಬೇಕಾದ ಕೆಲಸ ಮಾಡಿದೆ. ಕನ್ನಡ ಬಲ್ಲ ಮೆಕ್ಯಾನಿಕ್ ಒಬ್ಬ ಈ ಬಾಗಿಲು ತೆರೆದಿದ್ದ ಎಂದಷ್ಟೇ ಇದರಿಂದ ಹೇಳಬಹುದು. ಅದು ಬಹ್ರೇನಿನಲ್ಲೂ ಆಗಿರಬಹುದು, ಶಾರ್ಜಾದಲ್ಲೂ ಆಗಿರಬಹುದು. ಅಬುಧಾಬಿ ಎನ್ನಲು ನನ್ನ ಬಳಿ ಏನೂ ಇಲ್ಲ ಎಂದೆ. ತಂದೆಯ ಕಾರು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಯಾರೆಂದು ನೆನಪಿದೆಯೇ ಎಂದು ಕೇಳಿದೆ.

“ಒಬ್ಬ ಬರುತ್ತಿದ್ದ. ಹಿಂದುಸ್ತಾನದವನು,” ಎಂದರು. ಆಮೇಲೆ, ಮೆಲ್ಲಗೆ, “ಆಗ ಮೆಕ್ಯಾನಿಕ್‌ನ ಹೆಸರು ಯಾರು ಕೇಳುತ್ತಿದ್ದರು?”

ಅವರು ಎದ್ದು, ಬಾಗಿಲಿಲ್ಲದ ಬದಿಯಿಂದ ಕಾರಿನೊಳಗೆ ಹೋಗಿ, ಸ್ಟೀರಿಂಗಿನ ಮುಂದೆ ಕೂರದೆ ಪಕ್ಕದ ಸೀಟಿಗೆ ಸರಿದು ಕೂತರು. ಆ ಬದಿಯ ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿದರು. ಇನ್ನೊಮ್ಮೆ. ಏಳು ನಿಮಿಷ ಕೂತಿದ್ದರು. ಇಳಿದಾಗ ಸದ್ದು ಅದೇ ಹೌದೇ ಅಲ್ಲವೇ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೇಳಿದ್ದು ಎರಡು ಮಾತು. ಆ ಬಾಗಿಲ ಒಳಬದಿಗೆ ಬಣ್ಣ ಬೇಡ, ಪ್ಯಾಡೂ ಬೇಡ. ಕಾರ್ಡು ನೀನು ಬರೆ, ಗೊತ್ತಿದ್ದಷ್ಟೇ.

ಕಾರ್ಡು ಬರೆಯಲು ಐದು ದಿನ ಹಿಡಿಯಿತು. ಉಳಿದ ಹತ್ತು ಕಾರ್ಡುಗಳಲ್ಲಿ ಕಂಪನಿ ಏನು ಮಾಡಿತು ಎಂದಿದೆ. ಏಳನೆಯದರಲ್ಲಿ ಹೀಗಿದೆ: ಈ ಕಾರು ಬಹ್ರೇನಿಗೆ ರವಾನೆಯಾದದ್ದು ಗೊತ್ತು. ಈ ಸಂಗ್ರಹದ ಒಡೆಯರ ತಂದೆ ಇಂಥದೊಂದನ್ನು ಓಡಿಸುತ್ತಿದ್ದದ್ದು ಗೊತ್ತು. ಅದು ಇದೇ ಎಂದು ಗೊತ್ತಿಲ್ಲ. ಬಾಗಿಲ ಒಳಗೆ ಒಬ್ಬ ಮೆಕ್ಯಾನಿಕ್ ಬರೆದಿದ್ದ. ಆ ಬರಹದ ಹೆಚ್ಚಿನ ಭಾಗ ನಮ್ಮ ಕೆಲಸದ ವೇಳೆ ಅಳಿಸಿಹೋಯಿತು. ಅಳಿಸಿದವನೇ ಈ ಕಾರ್ಡು ಬರೆದವನು.

ಹಿರಿಯರು ಓದಿ, “ಇರಲಿ,” ಎಂದರು. ಬಾಗಿಲ ಪಕ್ಕದಲ್ಲಿ ರಟ್ಟು ಅಂಟಿಸಿದ ಆ ಟಾರ್ಚನ್ನೂ ಸರಪಳಿ ಹಾಕಿ ಇಟ್ಟಿದ್ದಾರೆ.

ನನ್ನ ಚೆಕ್‌ಲಿಸ್ಟಿನಲ್ಲಿ ಈಗ ಆರು ಹಂತಗಳಿವೆ. ಫೋಟೋ ಮೇಲೆ ಹೋಗಿದೆ, ಒರೆಸುವುದು ಕೆಳಗೆ ಬಂದಿದೆ. ಎಲ್ಲಕ್ಕಿಂತ ಮೊದಲನೆಯದು: ಕಾಕನನ್ನು ಕೇಳು. ಅದನ್ನು ತೋರಿಸಿದಾಗ ಅವರು, “ನಾನು ರಜೆಯಲ್ಲಿದ್ರೆ?” ಎಂದರು. “ಕಾಯ್ತೇನೆ,” ಎಂದೆ. ಅಂದು ಹಲ್ವ ಸಿಕ್ಕಿತು.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ನಿಮ್ಮ ಮನೆಯಲ್ಲಿ, ಅಥವಾ ನಿಮ್ಮ ಬೀದಿಯಲ್ಲಿ, ಐವತ್ತು ಅರವತ್ತರ ದಶಕಗಳಲ್ಲಿ ಕೊಲ್ಲಿ ಕಡೆ ಗ್ಯಾರೇಜು ಕೆಲಸ ಮಾಡಿ ಬಂದವರು ಯಾರಾದರೂ ಇದ್ದರೆ, ಅವರ ಹೆಸರು ‘ಬಾ’ ಎಂದು ಶುರುವಾಗುತ್ತಿದ್ದರೆ, ಅವರು ಯಾವ ಊರಿನಲ್ಲಿದ್ದರು, ಒಬ್ಬ ಅರಬನ ಸಣ್ಣ ಹಸಿರು ಕಾರಿನ ಮಾತು ಎಂದಾದರೂ ಎತ್ತಿದ್ದರೇ ಎಂಬುದನ್ನು ಈ ಪತ್ರಿಕೆಯ ವಿಳಾಸಕ್ಕೆ ನನಗೆ ಬರೆಯಿರಿ. ಅವರ ಕೈಬರಹದ ಒಂದು ಪತ್ರ ಸಿಕ್ಕಿದರೂ ಸಾಕು, ‘ಬಾ’ ಅಕ್ಷರವನ್ನು ಹೋಲಿಸಿ ನೋಡಬಹುದು. ಕಾಗದ ಎಷ್ಟೇ ಕೊಳೆಯಾಗಿರಲಿ, ದಯವಿಟ್ಟು ಒರೆಸಬೇಡಿ. ಇದ್ದ ಹಾಗೆಯೇ ಫೋಟೋ ತೆಗೆದು ಕಳಿಸಿ.